ಪೇಸ್ಲಿಯ ಹೊಲಿಗೆ ದಾರ: ಎರಡು ಮನೆತನ, ಒಂದು ಚೀಟಿ

ಹೊಲಿಗೆ ದಾರದ ಉದ್ಯಮದಲ್ಲಿ ಜಗತ್ತಿಗೇ ದೊಡ್ಡದೆನಿಸಿದ ಕೋಟ್ಸ್ ಕಂಪನಿ ತಾನು ಹುಟ್ಟಿದ್ದು 1755ರಲ್ಲಿ ಎಂದು ಹೇಳಿಕೊಳ್ಳುತ್ತದೆ. ಆದರೆ ಕಂಪನಿಗೆ ಹೆಸರು ಕೊಟ್ಟ ಜೇಮ್ಸ್ ಕೋಟ್ಸ್ ಹುಟ್ಟಿದ್ದೇ 1774ರಲ್ಲಿ. ಆತ ಸ್ವಂತದ ನೇಯ್ಗೆ ವ್ಯವಹಾರಕ್ಕೆ ಕೈಹಾಕಿದ್ದು 1802ರಲ್ಲಿ, ದಾರದ ಗಿರಣಿ ತೆರೆದದ್ದು 1826ರಲ್ಲಿ. ಸಂಸ್ಥಾಪಕನಿಗಿಂತ ಸಂಸ್ಥೆಗೇ ಹತ್ತೊಂಬತ್ತು ವರ್ಷ ಹೆಚ್ಚು ವಯಸ್ಸು! ಇದು ಅಚ್ಚಿನ ತಪ್ಪಲ್ಲ. 1755 ಎಂಬುದು ಕ್ಲಾರ್ಕ್ ಎಂಬ ಇನ್ನೊಂದು ಮನೆತನದ ವರ್ಷ. ಆ ಮನೆತನ ಸುಮಾರು ಎಪ್ಪತ್ತು ವರ್ಷ ಕಾಲ ಕೋಟ್ಸ್ ಮನೆತನದ ನೇರ ಎದುರಾಳಿಯಾಗಿತ್ತು. ಎದುರಾಳಿಯನ್ನು ಒಳಗೆ ಸೇರಿಸಿಕೊಂಡಾಗ ಅವರ ಗಿರಣಿಯ ಜೊತೆ ಅವರ ಪಂಚಾಂಗವೂ ಬಂತು.

ಮನೆತನದ ಕಂಪನಿಗಳ ಚರಿತ್ರೆಯನ್ನು ಸಾಮಾನ್ಯವಾಗಿ ವಂಶಾವಳಿಯ ಕ್ರಮದಲ್ಲಿ ಬರೆಯುತ್ತಾರೆ. ಅಜ್ಜ ಹುಟ್ಟುಹಾಕಿದ, ಮಕ್ಕಳು ಬೆಳೆಸಿದರು, ಮೊಮ್ಮಕ್ಕಳು ದಾನಧರ್ಮ ಮಾಡಿದರು. ಕೋಟ್ಸ್ ಚರಿತ್ರೆಯನ್ನೂ ಹೀಗೆಯೇ ಬರೆದದ್ದುಂಟು. ಈ ಟಿಪ್ಪಣಿಯಲ್ಲಿ ನಾನು ವಾದಿಸಹೊರಟಿರುವುದು ಬೇರೆ. ಈ ಉದ್ಯಮವನ್ನು ಎರಡೂವರೆ ಶತಮಾನ ನಡೆಸಿಕೊಂಡು ಬಂದದ್ದು ರಕ್ತಸಂಬಂಧವಲ್ಲ, ದಾರ ಹೊಸೆಯುವ ಗುಟ್ಟೂ ಅಲ್ಲ. ಅದನ್ನು ನಡೆಸಿದ್ದು ಮಾರಾಟದ ಮೇಲಿನ ಹಿಡಿತ. ರೀಲಿನ ತುದಿಗೆ ಅಂಟಿಸಿದ ಕಾಸಿನಗಲದ ಕಾಗದದ ಚೀಟಿ ಆ ಹಿಡಿತದ ಗುರುತಾಗಿತ್ತು.

ಊರಿನಿಂದ ಶುರುಮಾಡೋಣ. ಪೇಸ್ಲಿ ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೊ ನಗರಕ್ಕೆ ಹತ್ತಿರದ ಪಟ್ಟಣ. ವೈಟ್ ಕಾರ್ಟ್ ಎಂಬ ಹೊಳೆ ಅದರ ನಡುವೆ ಹರಿಯುತ್ತದೆ. ಕಾಶ್ಮೀರದ ಶಾಲುಗಳನ್ನು ಅನುಕರಿಸಿ ಮಾವಿನಕಾಯಿ ಬುಟ್ಟಾದ ಶಾಲು ನೇಯ್ದು ಈ ಊರು ಯೂರೋಪಿನಲ್ಲೆಲ್ಲ ಹೆಸರಾಯಿತು. ದಾರದ ಕಥೆ ಮಾತ್ರ ಶಾಲಿಗಿಂತ ಹಳೆಯದು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿಯೇ ಹತ್ತಿರದ ಬಾರ್ಗರನ್ ಎಂಬಲ್ಲಿಯ ಜಮೀನ್ದಾರರ ಮಗಳು ಕ್ರಿಶ್ಚಿಯನ್ ಷಾ ಅಗಸೆ ನಾರಿನಿಂದ ನಯವಾದ ಹೊಲಿಗೆ ದಾರ ಮಾಡಿಸಿ, ಅದಕ್ಕೆ ಬಾರ್ಗರನ್ ದಾರ ಎಂಬ ಹೆಸರಿಟ್ಟು ಮಾರಿಸಿದ್ದಳು. ಸ್ಕಾಟ್ಲೆಂಡಿನ ಚರಿತ್ರೆಯಲ್ಲಿ ಇವಳ ಹೆಸರು ಬರುವುದು ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಹನ್ನೊಂದರ ಆಸುಪಾಸಿನ ಹುಡುಗಿಯಾಗಿದ್ದಾಗ ತನಗೆ ಮಾಟ ಮಾಡಿದ್ದಾರೆಂದು ಆಕೆ ದೂರಿದಳು. ಅದರ ಫಲವಾಗಿ 1697ರಲ್ಲಿ ಪೇಸ್ಲಿಯಲ್ಲಿ ಏಳು ಜನರಿಗೆ ಮರಣದಂಡನೆ ವಿಧಿಸಿದರು. ಮಾಟದ ಹುಡುಗಿಯೇ ಮುಂದೆ ದಾರದ ಒಡತಿಯಾದದ್ದನ್ನು ಊರಿನವರು ಇವತ್ತಿಗೂ ಹೇಳುತ್ತಾರೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ದಾರಕ್ಕೊಂದು ಹೆಸರಿಟ್ಟು, ಆ ಹೆಸರಿನ ಬಲದಿಂದ ಮಾರುವ ರೂಢಿ ಎರಡೂ ಮನೆತನಗಳಿಗಿಂತ ಮೊದಲೇ ಆ ಸೀಮೆಯಲ್ಲಿತ್ತು.

1755ರಲ್ಲಿ ಕ್ಲಾರ್ಕ್ ಬಂಧುಗಳಾದ ಜೇಮ್ಸ್ ಮತ್ತು ಪ್ಯಾಟ್ರಿಕ್ ಆರಂಭಿಸಿದ್ದು ಮಗ್ಗದ ಸಾಮಾನು ಮತ್ತು ರೇಷ್ಮೆ ದಾರದ ವ್ಯಾಪಾರ. ಅದು ಬಟ್ಟೆ ಹೊಲಿಯುವ ದಾರವಲ್ಲ. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಮೇಲೆ ಕೆಳಗೆ ಸರಿಸಲು ದಾರದ ಕುಣಿಕೆಗಳು ಬೇಕು. ಒಂದೊಂದು ಕುಣಿಕೆಯೊಳಗೂ ಒಂದೊಂದು ಎಳೆ ಹಾಯ್ದು, ದಿನವಿಡೀ ಉಜ್ಜಿಕೊಂಡೇ ಓಡಾಡುತ್ತದೆ. ಹಾಗಾಗಿ ಕುಣಿಕೆಯ ದಾರ ನುಣುಪಾಗಿಯೂ ಗಟ್ಟಿಯಾಗಿಯೂ ಇರಬೇಕು. ರೇಷ್ಮೆಯೇ ಆಗಬೇಕು ಎಂಬುದು ಅಂದಿನ ಲೆಕ್ಕಾಚಾರ. 1806ರಲ್ಲಿ ನೆಪೋಲಿಯನ್ ಬರ್ಲಿನ್ ಆಜ್ಞೆ ಹೊರಡಿಸಿ ಬ್ರಿಟನ್ನಿನ ಜೊತೆಗಿನ ಯೂರೋಪಿನ ವ್ಯಾಪಾರಕ್ಕೆ ತಡೆ ಹಾಕಿದ. ರೇಷ್ಮೆ ಸಿಗದಾಯಿತು. ಆಗ ಪ್ಯಾಟ್ರಿಕ್ ಕ್ಲಾರ್ಕ್ ಹತ್ತಿಯ ನೂಲುಗಳನ್ನೇ ಕೂಡಿಸಿ ಹುರಿಮಾಡಿ ರೇಷ್ಮೆಯ ಬದಲಿಗೆ ನಿಲ್ಲುವಂಥ ದಾರ ಮಾಡಿದ. ಕುಣಿಕೆಗೆ ಒದಗಿದ ದಾರ ಸೂಜಿಗೂ ಒದಗಿತು. 1812ರಲ್ಲಿ ಕ್ಲಾರ್ಕ್ ಮನೆತನ ಪೇಸ್ಲಿಯ ಸೀಡ್‌ಹಿಲ್‌ನಲ್ಲಿ ಹತ್ತಿ ಹೊಲಿಗೆ ದಾರದ ಗಿರಣಿ ತೆರೆಯಿತು.

ಹತ್ತಿ ಹೊಲಿಗೆ ದಾರ ಜಗತ್ತಿನಲ್ಲಿ ಮೊದಲು ಹುಟ್ಟಿದ್ದು ಇಲ್ಲಿಯೇ ಎಂದು ಬರೆಯುವವರಿದ್ದಾರೆ. ಈ ಮಾತನ್ನು ಹಾಗೆಯೇ ಒಪ್ಪುವುದು ಕಷ್ಟ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ಎಂಬ ಊರಿನಲ್ಲಿ, ಅಲ್ಲಿನ ಮೊದಲ ಹತ್ತಿ ಗಿರಣಿಯ ಸ್ಯಾಮ್ಯುಯೆಲ್ ಸ್ಲೇಟರನ ಹೆಂಡತಿ ಹಾನಾ ಸ್ಲೇಟರ್ 1793ರಷ್ಟು ಹಿಂದೆಯೇ ಹತ್ತಿಯಿಂದ ಹೊಲಿಗೆ ದಾರ ಮಾಡಿದಳೆಂಬ ಪ್ರತೀತಿ ಗಟ್ಟಿಯಾಗಿದೆ. ಆಕೆ ಅದಕ್ಕೆ ಪೇಟೆಂಟನ್ನೂ ಪಡೆದಳೆನ್ನುತ್ತಾರೆ. 1836ರ ಡಿಸೆಂಬರಿನಲ್ಲಿ ಅಮೆರಿಕದ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದು ಮೊದಲ ಕಾಲದ ಕಡತಗಳೆಲ್ಲ ಸುಟ್ಟುಹೋದವು. ಆದ್ದರಿಂದ ಪೇಟೆಂಟಿನ ಮಾತನ್ನು ಪ್ರತೀತಿಯೆಂದೇ ಬರೆದಿಟ್ಟುಕೊಳ್ಳುವುದು ಕ್ಷೇಮ. ಒಂದೇ ಕಾಲದಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆ ಕೈಗಳು ಒಂದೇ ಕೆಲಸ ಮಾಡಿದ್ದವು ಎಂದರೆ ಸತ್ಯಕ್ಕೆ ಹತ್ತಿರ. ಪಾಟಕೆಟ್ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು. ಅದು ಇನ್ನೊಮ್ಮೆ ಬರಲಿದೆ.

ಕ್ಲಾರ್ಕ್ ಮನೆತನದ ದೊಡ್ಡ ಕೊಡುಗೆ, ನನ್ನ ದೃಷ್ಟಿಯಲ್ಲಿ, ಹುರಿಗಿಂತ ಹೆಚ್ಚಾಗಿ ರೀಲು. ಮೊದಲು ದಾರವನ್ನು ಲಡಿ ಕಟ್ಟಿ ಮಾರುತ್ತಿದ್ದರು. ಕೊಂಡವರು ಮನೆಗೆ ಒಯ್ದು ಉಂಡೆ ಸುತ್ತಿಕೊಳ್ಳಬೇಕಿತ್ತು. ಕ್ಲಾರ್ಕ್ ಅಂಗಡಿಯಲ್ಲಿ ಗಿರಾಕಿಗೆ ದಾರವನ್ನು ಮರದ ರೀಲಿಗೆ ಸುತ್ತಿಕೊಡಲು ಶುರುಮಾಡಿದರು. ರೀಲಿಗೆ ಅರ್ಧ ಪೆನ್ನಿ ಹೆಚ್ಚು ಹಣ. ಖಾಲಿ ರೀಲು ಹಿಂದಿರುಗಿಸಿದರೆ ಆ ಅರ್ಧ ಪೆನ್ನಿ ವಾಪಸು. ನಮ್ಮಲ್ಲಿ ಸೋಡಾ ಬಾಟಲಿಗೆ ಠೇವಣಿ ಇಟ್ಟಂತೆ. ಈ ಸಣ್ಣ ಅನುಕೂಲದಿಂದ ವ್ಯಾಪಾರದ ಸ್ವರೂಪವೇ ಬೇರೆಯಾಯಿತು. ಲಡಿಯನ್ನು ಕೊಳ್ಳುವವಳು ಬೆರಳಿನಿಂದ ಮುಟ್ಟಿ, ಎಳೆದು, ಕೈಯಲ್ಲಿ ತೂಗಿ ನೋಡಬಹುದಿತ್ತು. ರೀಲಿನಲ್ಲಿ ಕಾಣುವುದು ಮೇಲಿನ ಒಂದು ಸುತ್ತು ಮಾತ್ರ. ಒಳಗೆ ಎಷ್ಟು ಗಜ ಇದೆ, ಗಂಟುಗಳಿವೆಯೇ, ಕೊನೆಯವರೆಗೂ ಒಂದೇ ದಪ್ಪವಿದೆಯೇ ಎಂದು ತಿಳಿಯುವುದು ದಾರ ಮುಗಿದ ಮೇಲೆಯೇ. ಅಂದರೆ ರೀಲು ಬಂದ ದಿನದಿಂದ ದಾರವನ್ನು ನಂಬಿಕೆಯ ಮೇಲೆ ಕೊಳ್ಳಬೇಕಾಯಿತು. ಆ ನಂಬಿಕೆಗೆ ಆಧಾರವಾಗಿ ಕಣ್ಣಿಗೆ ಕಾಣುವುದು ರೀಲಿನ ತುದಿಯ ಚೀಟಿಯೊಂದೇ. ಗಜದ ಲೆಕ್ಕದಲ್ಲಿ ಮೋಸ ಅಂದಿನ ಪೇಟೆಯಲ್ಲಿ ಅಪರೂಪವಾಗಿರಲಿಲ್ಲ. ಸರಕಿನ ಅಳತೆಯ ಬಗ್ಗೆ ಸುಳ್ಳು ಗುರುತು ಹಾಕುವುದನ್ನು ಅಪರಾಧವೆನ್ನುವ ಕಾಯಿದೆಯನ್ನು ಬ್ರಿಟಿಷ್ ಸಂಸತ್ತು 1862ರಲ್ಲಿ ಮಾಡಬೇಕಾಯಿತು.

ಇನ್ನು ಕೋಟ್ಸ್ ಮನೆತನ. ಜೇಮ್ಸ್ ಕೋಟ್ಸ್ ನೇಕಾರ. ತಾರುಣ್ಯದಲ್ಲಿ ಕೆಲವು ವರ್ಷ ಸೈನ್ಯದ ಕುದುರೆ ದಳದಲ್ಲಿದ್ದು ಬಂದವನು. ಚೀನಾದಿಂದ ಬರುತ್ತಿದ್ದ ಸುಕ್ಕುಸುಕ್ಕಾದ ಕ್ರೇಪ್ ಬಟ್ಟೆಯನ್ನು ಪೇಸ್ಲಿಯಲ್ಲಿ ನೇಯುವ ಕ್ರಮವನ್ನು ಕಂಡುಕೊಂಡು ಹಣ ಮಾಡಿದ. ಅಂಥ ಬಟ್ಟೆಗೆ ಬಿಗಿಯಾಗಿ ಹೊಸೆದ ನೂಲು ಬೇಕು. ಹೀಗೆ ಹುರಿಯ ಕೆಲಸ ಕೈಗೆ ಹತ್ತಿತ್ತು. 1826ರಲ್ಲಿ ಊರಿನ ಪಶ್ಚಿಮಕ್ಕೆ ಫರ್ಗಸ್ಲಿ ಎಂಬಲ್ಲಿ ದಾರದ ಗಿರಣಿ ತೆರೆದ. ನಾಲ್ಕು ವರ್ಷದ ನಂತರ ವ್ಯವಹಾರದಿಂದ ಹಿಂದೆ ಸರಿದು ದಾರವನ್ನು ಮಕ್ಕಳಾದ ಜೇಮ್ಸ್ ಮತ್ತು ಪೀಟರರಿಗೆ ವಹಿಸಿದ. ಜೆ. ಅಂಡ್ ಪಿ. ಕೋಟ್ಸ್ ಎಂಬ ಹೆಸರು ಬಂದದ್ದು ಹೀಗೆ. ಗಿರಣಿಯ ಯಂತ್ರಭಾಗವನ್ನು ನೋಡಿಕೊಂಡ ಥಾಮಸ್ ಎಂಬ ಇನ್ನೊಬ್ಬ ಮಗನೂ ಬೇಗನೆ ಪಾಲುಗಾರನಾದ. ಅವನ ಹೆಸರಿನ ಮೊದಲ ಅಕ್ಷರ ಮಾತ್ರ ಫಲಕಕ್ಕೆ ಏರಲಿಲ್ಲ. ಆಂಡ್ರ್ಯೂ ಎಂಬ ಮತ್ತೊಬ್ಬ ಮಗ ಅಮೆರಿಕಕ್ಕೆ ಹೋಗಿ ಅಲ್ಲಿಯ ಮಾರಾಟವನ್ನು ಸುಮಾರು ಎರಡು ದಶಕ ನೋಡಿಕೊಂಡ. ಒಬ್ಬ ಮಗನನ್ನು ಗಿರಣಿಗೆ, ಒಬ್ಬನನ್ನು ಪೇಟೆಗೆ ಮೀಸಲಿಟ್ಟ ಈ ಕ್ರಮದಲ್ಲಿ ಮನೆತನಕ್ಕೆ ಪೇಟೆಯ ಮೇಲಿದ್ದ ಕಣ್ಣು ಮೊದಲ ಪೀಳಿಗೆಯಲ್ಲೇ ಕಾಣಿಸುತ್ತದೆ.

ಆಮೇಲೆ ಹೊಲಿಗೆ ಯಂತ್ರ ಬಂತು. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ, ಐಸಾಕ್ ಸಿಂಗರ್ 1851ರಲ್ಲಿ. ಯಂತ್ರ ದಾರದ ಬೇಡಿಕೆಯನ್ನು ಹೆಚ್ಚಿಸಿತು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ದಾರದ ಗುಣವನ್ನೇ ಅದು ಬದಲಿಸಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೈಹೊಲಿಗೆಯಲ್ಲಿ ದಾರ ಸೂಜಿಯ ಜೊತೆಗೇ ಬಟ್ಟೆಯೊಳಗೆ ಹೋಗಿ ಬರುತ್ತದೆ; ಮೇಣ ಅಥವಾ ಗಂಜಿಯ ಮೆರುಗು ಕೊಟ್ಟ ಬಿರುಸಾದ ಮೂರೆಳೆ ದಾರ ಅದಕ್ಕೆ ಸಾಕು, ಒಂದು ರೀತಿಯಲ್ಲಿ ಅನುಕೂಲವೂ ಹೌದು. ಯಂತ್ರದಲ್ಲಿ ಹಾಗಲ್ಲ. ಮೇಲಿನ ದಾರ ಎರಡು ತಟ್ಟೆಗಳ ನಡುವೆ ಬಿಗಿಯಾಗಿ ಹಾಯ್ದು, ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹಿಂದಕ್ಕೂ ಮುಂದಕ್ಕೂ ಉಜ್ಜಿಕೊಂಡು, ಕೊನೆಗೆ ಬಾಬಿನ್ನಿನ ದಾರದ ಜೊತೆ ಗಂಟುಬಿದ್ದು ನಿಲ್ಲುತ್ತದೆ. ದಾರದ ಮೇಲ್ಮೈಯಲ್ಲಿ ಸಣ್ಣ ಗುಬ್ಬು ಇದ್ದರೂ ಕಣ್ಣಿನಲ್ಲಿ ಸಿಕ್ಕಿ ಕಡಿಯುತ್ತದೆ. ಬಿರುಸಾಗಿದ್ದರೆ ಕೊಕ್ಕೆಗೆ ಸಿಗಬೇಕಾದ ಕುಣಿಕೆ ಸರಿಯಾಗಿ ಬೀಳುವುದಿಲ್ಲ, ಹೊಲಿಗೆ ಹಾರುತ್ತದೆ. ಟೈಲರ್ ಅಂಗಡಿಯಲ್ಲಿ ಐದು ನಿಮಿಷ ನಿಂತವರಿಗೆ ಈ ತಾಪತ್ರಯ ಹೊಸದಲ್ಲ.

ಇದಕ್ಕೆ ಸಿಕ್ಕ ಉತ್ತರ ಆರೆಳೆಯ ದಾರ. ಎರಡೆರಡು ನೂಲುಗಳನ್ನು ಕೂಡಿಸಿ ಒಂದು ಹುರಿ. ಅಂಥ ಮೂರು ಹುರಿಗಳನ್ನು ಕೂಡಿಸಿ ಎದುರು ದಿಕ್ಕಿನಲ್ಲಿ ಮತ್ತೊಂದು ಹುರಿ. ಎರಡು ಹುರಿಗಳ ಬಲ ಒಂದನ್ನೊಂದು ತಡೆದು ನಿಲ್ಲುವುದರಿಂದ ದಾರ ಸುರುಳಿಗಟ್ಟದೆ ನೆಟ್ಟಗೆ ಬೀಳುತ್ತದೆ, ಅಡ್ಡಕೊಯ್ದರೆ ದುಂಡಗೆ ಕಾಣುತ್ತದೆ, ಮೃದುವಾಗಿಯೂ ಇರುತ್ತದೆ. ಇಂಥ ದಾರಕ್ಕೆ ಉದ್ದ ನಾರಿನ ಹತ್ತಿಯೇ ಬೇಕು. ಅಮೆರಿಕದ ತೀರದ ಸೀ ಐಲೆಂಡ್ ಹತ್ತಿ, ಆಮೇಲೆ ಈಜಿಪ್ಟಿನ ಹತ್ತಿ. ಅದನ್ನು ಬಾಚಿ, ಗಿಡ್ಡ ನಾರುಗಳನ್ನು ತೆಗೆದು, ನೂತು, ಹುರಿಗೊಳಿಸಿ, ಅನಿಲದ ಜ್ವಾಲೆಯೊಳಗಿನಿಂದ ವೇಗವಾಗಿ ಹಾಯಿಸಿ ಮೇಲಿನ ನವಿರನ್ನು ಸುಟ್ಟು, ಬಿಳುಪು ಅಥವಾ ಬಣ್ಣ ಕೊಟ್ಟು, ರೀಲಿಗೆ ಸುತ್ತುತ್ತಿದ್ದರು. ಅದೇ ಕಾಲದಲ್ಲಿ ನಮ್ಮ ಧಾರವಾಡ ಸೀಮೆಯಲ್ಲಿ ಬ್ರಿಟಿಷರು ಅಮೆರಿಕನ್ ತಳಿಯ ಹತ್ತಿ ಬೆಳೆಸಲು ಪಟ್ಟ ಪಾಡು ಇಲ್ಲಿಯ ಚರಿತ್ರೆ ಓದಿದವರಿಗೆ ತಿಳಿದದ್ದೇ. ಆ ಹತ್ತಿ ಲ್ಯಾಂಕಾಷೈರಿನ ಬಟ್ಟೆ ಗಿರಣಿಗಳಿಗಾಗಿ. ಪೇಸ್ಲಿಯ ನಯವಾದ ದಾರಕ್ಕೆ ಬೇಕಾದ ನಾರಿನ ಉದ್ದ ಅದಕ್ಕಿರಲಿಲ್ಲ.

ಯಂತ್ರಕ್ಕೆ ಒಗ್ಗುವ ಆರೆಳೆ ದಾರವನ್ನು ಅಮೆರಿಕದಲ್ಲಿ ಗೆಲ್ಲಿಸಿದವನು ಜಾರ್ಜ್ ಕ್ಲಾರ್ಕ್. 1860ರ ದಶಕದಲ್ಲಿ ಆತ ಅದಕ್ಕೆ ‘ನಮ್ಮ ಹೊಸ ದಾರ’ ಎಂಬ ಅರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಓ.ಎನ್.ಟಿ. ಎಂದು ಹೆಸರಿಟ್ಟ. ಅಂತರ್ಯುದ್ಧದ ಖರ್ಚಿಗೆಂದು ಅಮೆರಿಕ ಆಮದು ಸುಂಕವನ್ನು ಏರಿಸಿತ್ತು. ಪೇಸ್ಲಿಯಲ್ಲಿ ಮಾಡಿ ಹಡಗಿನಲ್ಲಿ ಕಳಿಸಿದರೆ ಗಿಟ್ಟುವಂತಿರಲಿಲ್ಲ. ಕ್ಲಾರ್ಕ್ ಮನೆತನ ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿಯೇ ಗಿರಣಿ ಕಟ್ಟಿತು. ಕೋಟ್ಸ್ ಹಿಂದೆ ಬೀಳಲಿಲ್ಲ. ಹೆಜೆಕಿಯಾ ಕೊನಂಟ್ ಎಂಬ ಅಮೆರಿಕದ ಯಂತ್ರತಜ್ಞ, ದಾರವನ್ನು ತಾನೇ ರೀಲಿಗೆ ಸುತ್ತುವ ಯಂತ್ರ ಮಾಡಿದವನು, ರೋಡ್ ಐಲೆಂಡಿನ ಒಂದು ಊರಿನಲ್ಲಿ ದಾರದ ಕಂಪನಿ ತೆರೆದಿದ್ದ. 1869ರಲ್ಲಿ ಕೋಟ್ಸ್ ಅದರೊಡನೆ ಕೈಜೋಡಿಸಿತು. ಆ ಊರು ಪಾಟಕೆಟ್. ಹಾನಾ ಸ್ಲೇಟರಳ ಊರು.

ಈಗ ಚೀಟಿಯ ವಿಷಯಕ್ಕೆ ಬರೋಣ. ಕೋಟ್ಸ್ ಮನೆತನ ಯಾವುದನ್ನು ತನ್ನ ಆಸ್ತಿಯೆಂದು ಭಾವಿಸಿತ್ತು ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಅಮೆರಿಕದ ಸುಪ್ರೀಂ ಕೋರ್ಟಿನ 1893ರ ಒಂದು ತೀರ್ಪಿನಲ್ಲಿದೆ. ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಊರಿನ ಮೆರಿಕ್ ದಾರದ ಕಂಪನಿ ತನ್ನ ರೀಲುಗಳಿಗೆ ಕಪ್ಪು ಬಂಗಾರ ಬಣ್ಣದ ದುಂಡನೆಯ ಚೀಟಿ ಅಂಟಿಸುತ್ತಿತ್ತು. ಕೋಟ್ಸ್ ಚೀಟಿಯೂ ಹಾಗೆಯೇ. ಎರಡರಲ್ಲೂ ಉತ್ತಮ ಆರೆಳೆ ಎಂಬ ಅರ್ಥದ ಮಾತು. ಚೀಟಿಯ ಸುತ್ತ ರೀಲಿನ ಮರದ ಅಂಚಿನಲ್ಲಿ ಒತ್ತಿ ಮೂಡಿಸಿದ ಅಲಂಕಾರ, ದಾರದ ನಂಬರು. ಇದು ನಮ್ಮ ಚೀಟಿಯ ನಕಲು, ಗಿರಾಕಿಗಳು ಮೋಸಹೋಗುತ್ತಿದ್ದಾರೆ ಎಂಬುದು ಕೋಟ್ಸ್ ವಾದ. ನ್ಯಾಯಾಲಯ ಒಪ್ಪಲಿಲ್ಲ. ದಾರದ ನಂಬರನ್ನು ರೀಲಿನ ತುದಿಗೆ ಹಾಕುವುದು ವ್ಯಾಪಾರದ ಸಾಮಾನ್ಯ ರೂಢಿ, ಆರೆಳೆ ಎಂಬುದು ಸರಕಿನ ವರ್ಣನೆ, ಕಂಪನಿಯ ಹೆಸರು ಚೀಟಿಯ ಮೇಲೆ ಬೇರೆಯಾಗಿಯೇ ಇದೆ, ಸಾಧಾರಣ ಎಚ್ಚರವಿರುವವರು ಗುರುತಿಸಬಹುದು ಎಂದಿತು. ಅಂಚಿನ ಅಲಂಕಾರಕ್ಕೆ ಕೋಟ್ಸ್ ಹಿಂದೆ ಪೇಟೆಂಟ್ ಪಡೆದದ್ದು ನಿಜ. ಅದರ ಅವಧಿ ಮುಗಿದ ಮೇಲೆ ಆ ಅಲಂಕಾರ ಸಾರ್ವಜನಿಕರದು ಎಂದೂ ಹೇಳಿತು. ಗಿರಣಿಯ ಯಂತ್ರಕ್ಕಾಗಿ ಅಲ್ಲ, ಹುರಿಯ ಗುಟ್ಟಿಗಾಗಿ ಅಲ್ಲ, ಕಾಸಿನಗಲದ ಕಾಗದಕ್ಕಾಗಿ ಕೋಟ್ಸ್ ಅಮೆರಿಕದ ಅತ್ಯುಚ್ಚ ನ್ಯಾಯಾಲಯದವರೆಗೆ ಹೋಯಿತು, ಮತ್ತು ಸೋತಿತು.

ಕ್ಲಾರ್ಕ್ ಕಡೆಯಲ್ಲೂ ಇಂಥದೇ ಜಗಳ, ಇನ್ನೂ ಖಾರವಾಗಿ. 1890ರ ದಶಕದ ಆರಂಭದಲ್ಲಿ ವಿಲಿಯಂ ಕ್ಲಾರ್ಕ್ ಎಂಬವನು ಕ್ಲಾರ್ಕ್ ಕಂಪನಿಯಿಂದ ಹೊರಬಂದು ರೋಡ್ ಐಲೆಂಡಿನ ವೆಸ್ಟರ್ಲಿಯಲ್ಲಿ ತನ್ನದೇ ಗಿರಣಿ ಹೂಡಿದ. ತನ್ನ ದಾರಕ್ಕೆ ಎನ್.ಇ.ಡಬ್ಲ್ಯು. ಎಂದು ಮೂರಕ್ಷರದ ಹೆಸರಿಟ್ಟ. ಚೀಟಿಯ ಮೇಲೆ ಕ್ಲಾರ್ಕ್ ಎಂಬುದು ಇದ್ದೇ ಇತ್ತು. ಅವನ ಹೆಸರೇ ಅದು. ನ್ಯೂಅರ್ಕ್‌ನ ಕ್ಲಾರ್ಕ್ ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. ಹುಟ್ಟಿನಿಂದ ಬಂದ ಹೆಸರನ್ನು ದಾರಕ್ಕೆ ಇಡುವ ಹಕ್ಕು ಯಾರದು ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಮನೆತನದ ಹೆಸರು ಮನೆತನದಿಂದ ಬಿಡಿಸಿಕೊಂಡು ಕಂಪನಿಯ ಸೊತ್ತಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಕೋಟ್ಸ್ ಮತ್ತು ಕ್ಲಾರ್ಕ್ ಒಂದಾದ ಕ್ರಮವನ್ನು ನೋಡಿದರೆ ನನ್ನ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಕಂಪನಿಗಳು ಕೂಡಿದ್ದು 1896ರಲ್ಲಿ. ಆದರೆ ಅದಕ್ಕೆ ಏಳು ವರ್ಷ ಮೊದಲೇ, 1889ರಲ್ಲಿ, ಕೋಟ್ಸ್, ಕ್ಲಾರ್ಕ್ ಮತ್ತು ಯಾರ್ಕ್‌ಷೈರಿನ ಮೆಲ್ಥಂ ಊರಿನ ಜೋನಸ್ ಬ್ರೂಕ್ ಕಂಪನಿಗಳು ಸೇರಿ ಮಾರಾಟಕ್ಕೆಂದೇ ಒಂದು ಜಂಟಿ ಏಜೆನ್ಸಿ ಮಾಡಿಕೊಂಡಿದ್ದವು. ಗಿರಣಿ ಬೇರೆ, ಒಡೆತನ ಬೇರೆ, ಪೇಟೆಯಲ್ಲಿ ಮಾತ್ರ ಒಬ್ಬನೇ ಮಾರಾಟಗಾರ. ಈ ವ್ಯವಸ್ಥೆಯ ಹಿಂದಿನ ತಲೆ ಕೋಟ್ಸ್ ವಂಶದ್ದಲ್ಲ. ಒಟ್ಟೊ ಫಿಲಿಪಿ ಎಂಬ ಜರ್ಮನ್ 1878ರಲ್ಲಿ ಕಂಪನಿಗೆ ಸೇರಿ ವಿದೇಶಿ ಮಾರಾಟವನ್ನು ಕೈಗೆ ತೆಗೆದುಕೊಂಡಿದ್ದ. ಮಧ್ಯವರ್ತಿ ವ್ಯಾಪಾರಿಗಳನ್ನು ಬಿಟ್ಟು ದೇಶದೇಶಗಳಲ್ಲಿ ಕಂಪನಿಯದೇ ಡಿಪೋ, ಕಂಪನಿಯದೇ ಏಜೆಂಟರು, ಪ್ರತಿ ಊರಿನ ಬೆಲೆಯ ವರದಿ ಪೇಸ್ಲಿಗೆ, ಇದು ಅವನ ಕ್ರಮ. 1890ರಲ್ಲಿ ಕೋಟ್ಸ್ ಷೇರು ಕಂಪನಿಯಾಯಿತು. ಬಂಡವಾಳ ಐವತ್ತೇಳೂವರೆ ಲಕ್ಷ ಪೌಂಡು. 1896ರಲ್ಲಿ ಕ್ಲಾರ್ಕ್, ಬ್ರೂಕ್, ಬೋಲ್ಟನ್ನಿನ ಚಾಡ್ವಿಕ್ ಮೂರೂ ಅದರೊಳಗೆ ಬಂದವು. ಉಳಿದ ಸಣ್ಣಪುಟ್ಟ ಗಿರಣಿಗಳು ಮರುವರ್ಷ ಇಂಗ್ಲಿಷ್ ಸೂಯಿಂಗ್ ಕಾಟನ್ ಎಂಬ ಕೂಟ ಕಟ್ಟಿದಾಗ ಕೋಟ್ಸ್ ಅದರಲ್ಲೂ ಷೇರು ಕೊಂಡಿತು. ಎದುರಾಳಿಯ ಮನೆಯಲ್ಲೂ ಒಂದು ಕೋಣೆ ತನ್ನದಾಗಿರಲಿ ಎಂಬ ಎಚ್ಚರ.

ಫಲಿತಾಂಶವನ್ನು ಅರ್ಥಶಾಸ್ತ್ರದ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. 1912ರಲ್ಲಿ ಷೇರುಗಳ ಪೇಟೆ ಬೆಲೆಯನ್ನು ಹಿಡಿದರೆ ಜಗತ್ತಿನ ಉದ್ಯಮ ಕಂಪನಿಗಳಲ್ಲಿ ಮೊದಲನೆಯದು ಯು.ಎಸ್. ಸ್ಟೀಲ್, ಎರಡನೆಯದು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್, ಮೂರನೆಯದು ಜೆ. ಅಂಡ್ ಪಿ. ಕೋಟ್ಸ್. ಉಕ್ಕು, ಎಣ್ಣೆ, ಆಮೇಲೆ ದಾರ! ಆ ಪಟ್ಟಿಯನ್ನು ಮೊದಲು ಕಂಡಾಗ ಎರಡು ಸಲ ಓದಬೇಕಾಯಿತು.

ಈ ಸಂಪತ್ತನ್ನು ಹೊಸೆದ ಕೈಗಳು ಹೆಚ್ಚಾಗಿ ಹೆಣ್ಣುಮಕ್ಕಳವು. ಫರ್ಗಸ್ಲಿಯ ಕೋಟ್ಸ್ ಗಿರಣಿ ಊರಿನ ಒಂದು ತುದಿ, ಕ್ಲಾರ್ಕರ ಆಂಕರ್ ಗಿರಣಿ ಹೊಳೆಯ ದಡ. ಎರಡೂ ಸೇರಿ ಉತ್ತುಂಗದಲ್ಲಿ ಸುಮಾರು ಹತ್ತು ಸಾವಿರ ಜನಕ್ಕೆ ಕೆಲಸ. ಶಾಲು ನೇಯುತ್ತಿದ್ದ ಗಂಡಸರು ರಾಜಕೀಯ ಚರ್ಚೆಗೂ ದಂಗೆಗೂ ಹೆಸರಾದವರು. ಶಾಲಿನ ಕಾಲ ಮುಗಿದಾಗ ಅದೇ ಮನೆಗಳ ಹುಡುಗಿಯರು ದಾರದ ಗಿರಣಿಗೆ ಹೋದರು. ಅರ್ಧ ದಿನ ಶಾಲೆ, ಅರ್ಧ ದಿನ ಗಿರಣಿ ಎಂಬ ಪದ್ಧತಿಯಲ್ಲಿ ಮಕ್ಕಳೂ ದುಡಿದರು. ಅವರಿಗಾಗಿ ಕೋಟ್ಸ್ 1887ರಲ್ಲಿ ಫರ್ಗಸ್ಲಿ ಗಿರಣಿಯ ಬಾಗಿಲಲ್ಲೇ ಅಂದವಾದ ಶಾಲೆ ಕಟ್ಟಿಸಿತು. ಆ ಕಟ್ಟಡದ ಅಂದವನ್ನು ಹೊಗಳುವ ಬರಹಗಳಲ್ಲಿ, ಪಾಠದ ಹೊತ್ತಿಗೆ ಆ ಮಕ್ಕಳಿಗೆ ಎಷ್ಟು ದಣಿವಾಗಿರುತ್ತಿತ್ತು ಎಂಬ ಮಾತು ಬರುವುದು ಕಡಿಮೆ.

ದಾನದ ಪಟ್ಟಿ ಉದ್ದವಿದೆ, ಬೇಗ ದಾಟುತ್ತೇನೆ. ಥಾಮಸ್ ಕೋಟ್ಸ್ ಊರಿಗೆ 1868ರಲ್ಲಿ ಕಾರಂಜಿ ತೋಟ ಕೊಟ್ಟ, 1883ರಲ್ಲಿ ತೆರೆದ ಖಗೋಳ ವೀಕ್ಷಣಾಲಯಕ್ಕೆ ಹಣ ಕೊಟ್ಟ. ಅವನ ನೆನಪಿಗೆ ಮನೆಯವರು 1894ರಲ್ಲಿ ಕಟ್ಟಿಸಿದ ಬ್ಯಾಪ್ಟಿಸ್ಟ್ ಚರ್ಚು ಇವತ್ತೂ ಊರಿನ ಮೇಲೆ ಎದ್ದು ನಿಂತಿದೆ. ಪೀಟರ್ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಕಟ್ಟಿಸಿದ. ಕ್ಲಾರ್ಕ್ ಹಣದಿಂದ ಪುರಭವನ ಎದ್ದಿತು. ಮುಂದಿನ ಪೀಳಿಗೆಯ ಜೇಮ್ಸ್ ಕೋಟ್ಸ್ ಸ್ಕಾಟ್ಲೆಂಡಿನ ಹಳ್ಳಿ, ದ್ವೀಪಗಳ ಶಾಲೆಗಳಿಗೆ ಕಪಾಟು ಸಮೇತ ಪುಸ್ತಕ ಕಳಿಸಿದ. ಅವನೂ ಆಂಡ್ರ್ಯೂ ಕೋಟ್ಸ್ ಎಂಬವನೂ ವಿಲಿಯಂ ಬ್ರೂಸನ ದಕ್ಷಿಣ ಧ್ರುವ ಯಾತ್ರೆಗೆ ಹಣ ಕೊಟ್ಟರು. 1904ರಲ್ಲಿ ಬ್ರೂಸ್ ಕಂಡ ಹಿಮದ ತೀರಕ್ಕೆ ಕೋಟ್ಸ್ ಲ್ಯಾಂಡ್ ಎಂದು ಹೆಸರಾಯಿತು. ಅಂಟಾರ್ಕ್ಟಿಕಾದ ನಕ್ಷೆಯ ಮೇಲೂ ದಾರದ ಚೀಟಿ! ಕ್ಲಾರ್ಕ್ ವಂಶದಲ್ಲಿ ಹುಟ್ಟಿದ ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ 1969ರಲ್ಲಿ ಬಿಬಿಸಿಗಾಗಿ ನಾಗರಿಕತೆಯ ಬಗ್ಗೆ ಸರಣಿ ಮಾಡಿ ಹೆಸರಾದ. ತನ್ನ ಮನೆತನದ ಹಣ ದಾರದ್ದು ಎಂಬುದನ್ನು ಆತ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ.

ಭಾರತದ ಭಾಗಕ್ಕೆ ಬಂದರೆ ಮೂರನೆಯ ಮನೆತನವೊಂದು ಎದುರಾಗುತ್ತದೆ. ಆಂಡ್ರ್ಯೂ ಮತ್ತು ಫ್ರಾಂಕ್ ಹಾರ್ವೆ ಎಂಬ ಸ್ಕಾಟಿಷ್ ಸೋದರರು 1880ರ ದಶಕದಲ್ಲಿ ತಿರುನೆಲ್ವೇಲಿ ಸೀಮೆಯ ಪಾಪನಾಶಂನಲ್ಲಿ ತಾಮ್ರಪರ್ಣಿಯ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಿದರು. ಅದೇ ದಶಕದಲ್ಲಿ ತೂತ್ತುಕುಡಿಯಲ್ಲಿ ಕೋರಲ್ ಮಿಲ್ಸ್, ಆಮೇಲೆ ಮಧುರೈಯಲ್ಲಿ ಮದುರಾ ಮಿಲ್ಸ್. 1908ರ ಫೆಬ್ರುವರಿ ಕೊನೆಯಲ್ಲಿ ಕೋರಲ್ ಮಿಲ್ಸ್ ಕಾರ್ಮಿಕರು ಕೂಲಿ ಹೆಚ್ಚಳ ಮತ್ತು ವಾರದ ರಜೆಗಾಗಿ ಮುಷ್ಕರ ಹೂಡಿದರು. ಅವರ ಬೆನ್ನಿಗೆ ನಿಂತವರು ಸ್ವದೇಶಿ ಚಳವಳಿಯ ನಾಯಕರಾದ ವಿ.ಓ. ಚಿದಂಬರಂ ಪಿಳ್ಳೈ ಮತ್ತು ಸುಬ್ರಮಣ್ಯ ಶಿವ. ಮಾಲೀಕರು ಬಗ್ಗಿದರು. ಅದಾದ ಕೆಲವೇ ದಿನಗಳಲ್ಲಿ ಪಿಳ್ಳೈ ಅವರ ಬಂಧನವಾಯಿತು. ಅದು ಹಾರ್ವೆಗಳ ಗಿರಣಿ, ಕೋಟ್ಸ್‌ನದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಆದರೆ ಈ ಗಿರಣಿಗಳೆಲ್ಲ ಕಾಲಕ್ರಮದಲ್ಲಿ ಮದುರಾ ಮಿಲ್ಸ್ ಒಳಗೆ ಸೇರಿದವು. ಕೋಟ್ಸ್ ಸ್ವಾತಂತ್ರ್ಯಾನಂತರ ಕೇರಳದ ಕೊರಟ್ಟಿಯಲ್ಲಿ ದಾರದ ಕಾರ್ಖಾನೆ ನಡೆಸಿತು. 1974ರಲ್ಲಿ ಎರಡೂ ಕೂಡಿ ಮದುರಾ ಕೋಟ್ಸ್ ಆಯಿತು. ಸ್ಕಾಟ್ಲೆಂಡಿನ ಎರಡು ಮನೆತನಗಳ ಜೊತೆಗೆ ಮೂರನೆಯದರ ಆಸ್ತಿ ಬಂದು ಬಿದ್ದದ್ದು ಹೀಗೆ. ಮತ್ತೊಮ್ಮೆ, ಹೆಸರು ಉಳಿದದ್ದು ಒಂದರದೇ.

ಕರ್ನಾಟಕಕ್ಕೂ ಈ ಕಥೆಗೂ ಇರುವ ನಂಟು ಇಲ್ಲಿಂದ. ಮದುರಾ ಕೋಟ್ಸ್‌ನ ಮುಖ್ಯ ಕಚೇರಿ ಬೆಂಗಳೂರಿಗೆ ಬಂತು. ಅದರ ಸಿದ್ಧ ಉಡುಪಿನ ವಿಭಾಗವಾದ ಮದುರಾ ಗಾರ್ಮೆಂಟ್ಸ್ ಬೆಂಗಳೂರನ್ನೇ ನೆಲೆ ಮಾಡಿಕೊಂಡು 1989ರಿಂದೀಚೆಗೆ ಲೂಯಿ ಫಿಲಿಪ್, ವ್ಯಾನ್ ಹ್ಯೂಸೆನ್, ಅಲೆನ್ ಸಾಲಿ, ಪೀಟರ್ ಇಂಗ್ಲೆಂಡ್ ಅಂಗಿಗಳನ್ನು ಪೇಟೆಗೆ ತಂದಿತು. 1999ರ ಹೊತ್ತಿಗೆ ಅದನ್ನು ಆದಿತ್ಯ ಬಿರ್ಲಾ ಬಳಗಕ್ಕೆ ಮಾರಿದರು. ದಾರದವರು ಅಂಗಿ ಹೊಲಿಸಹೊರಟ ಈ ಪ್ರಕರಣಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಚರಿತ್ರೆಯಲ್ಲಿ ಬೇರೆಯೇ ಅಧ್ಯಾಯ ಬೇಕು. ಇನ್ನೊಂದು ನಂಟು ಮನೆಯೊಳಗಿನದು. ಕಸೂತಿ ಹಾಕುವವರ ಡಬ್ಬಿಯಲ್ಲಿ ಇರುವ ಆರೆಳೆಯ ಬಣ್ಣದ ಲಡಿಗಳ ಮೇಲೆ ಆಂಕರ್ ಎಂಬ ಹೆಸರು, ಲಂಗರಿನ ಚಿತ್ರ ಕಾಣುತ್ತದಲ್ಲ, ಆ ಲಂಗರು ಕ್ಲಾರ್ಕ್ ಮನೆತನದ ಗುರುತು. ಕೋಟ್ಸ್ ಗುರುತು ಸರಪಳಿ. ಕ್ಲಾರ್ಕ್ ಹೆಸರು ಕಂಪನಿಯ ಫಲಕದಿಂದ ಹೋಯಿತು, ಗುರುತು ಡಬ್ಬಿಯಲ್ಲಿ ಉಳಿಯಿತು.

ಇಪ್ಪತ್ತನೆಯ ಶತಮಾನದ ಉಳಿದ ಭಾಗವನ್ನು ವಿಸ್ತರಿಸುವ ಅಗತ್ಯವಿಲ್ಲ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೋಟ್ಸ್ ಹೂಡಿದ್ದ ಗಿರಣಿಗಳು 1917ರ ಕ್ರಾಂತಿಯ ನಂತರ ಸರ್ಕಾರದ ಪಾಲಾದವು. 1960ರಲ್ಲಿ ಉಣ್ಣೆ ನೂಲಿನ ಪೇಟನ್ಸ್ ಅಂಡ್ ಬಾಲ್ಡ್‌ವಿನ್ಸ್ ಜೊತೆಗೆ, 1986ರಲ್ಲಿ ವಾಂಟೋನಾ ವಿಯೆಲ್ಲಾ ಜೊತೆಗೆ ಕೂಡಿಕೆ. 1991ರಲ್ಲಿ ಟೂಟಲ್ ಕಂಪನಿಯನ್ನು ಕೊಂಡಿತು. ಟೂಟಲ್ ಎಂದರೆ ಹೆಸರು ಬದಲಿಸಿಕೊಂಡ ಇಂಗ್ಲಿಷ್ ಸೂಯಿಂಗ್ ಕಾಟನ್. 1897ರ ಎದುರಾಳಿ ಪೂರ್ತಿಯಾಗಿ ಒಳಬರಲು ತೊಂಬತ್ತನಾಲ್ಕು ವರ್ಷ ಹಿಡಿಯಿತು. 1993ರಲ್ಲಿ ಪೇಸ್ಲಿಯಲ್ಲಿ ದಾರದ ತಯಾರಿಕೆ ನಿಂತಿತು. 2003-04ರಲ್ಲಿ ಗಿನ್ನೆಸ್ ಪೀಟ್ ಎಂಬ ಹೂಡಿಕೆ ಬಳಗ ಕಂಪನಿಯನ್ನೇ ಕೊಂಡಿತು. ಅದೇ ಹೊತ್ತಿಗೆ ಯೂರೋಪಿಯನ್ ಆಯೋಗ ಸೂಜಿಯ ಪೇಟೆ ಹಂಚಿಕೊಂಡದ್ದಕ್ಕೆ 2004ರಲ್ಲಿ, ಜಿಪ್ಪಿನ ವಿಷಯದಲ್ಲಿ ಎದುರಾಳಿಗಳೊಡನೆ ಒಳಒಪ್ಪಂದ ಮಾಡಿಕೊಂಡದ್ದಕ್ಕೆ 2007ರಲ್ಲಿ ಕೋಟ್ಸ್‌ಗೆ ದಂಡ ಹಾಕಿತು. 1889ರ ಜಂಟಿ ಏಜೆನ್ಸಿಯನ್ನು ಅಂದು ವ್ಯಾಪಾರದ ಜಾಣತನ ಎಂದಿದ್ದರು. ಪೇಟೆಯನ್ನು ಮಾತಾಡಿಕೊಂಡು ಹಂಚಿಕೊಳ್ಳುವ ಅದೇ ಚಾಳಿಗೆ 21ನೆಯ ಶತಮಾನದ ಕಾನೂನು ಬೇರೆ ಹೆಸರು ಕೊಟ್ಟಿತು. 2015ರಿಂದ ಕೋಟ್ಸ್ ಗ್ರೂಪ್ ಎಂಬ ಹೆಸರಿನಲ್ಲಿ ಲಂಡನ್ ಷೇರು ಪೇಟೆಯಲ್ಲಿದೆ.

ಒಟ್ಟು ಸಾಕ್ಷ್ಯವನ್ನು ತೂಗಿ ನೋಡಿದರೆ, ಇದನ್ನು ಒಂದು ಮನೆತನದ ಕಂಪನಿ ಎನ್ನುವುದು ಅರ್ಧ ಸತ್ಯ. ವಯಸ್ಸು ಕ್ಲಾರ್ಕರದು, ಲಂಗರು ಕ್ಲಾರ್ಕರದು, ಮಾರಾಟದ ವಿಧಾನ ಫಿಲಿಪಿಯದು, ಭಾರತದ ಗಿರಣಿಗಳು ಹಾರ್ವೆಗಳವು. ಕೋಟ್ಸ್ ಮನೆತನ ಕೊಟ್ಟದ್ದರಲ್ಲಿ ಕೊನೆಯವರೆಗೆ ಉಳಿದದ್ದು ಹೆಸರು. ಆ ಹೆಸರನ್ನು ಜನ ನಂಬುವಂತೆ ಮಾಡಿದ್ದು, ಆ ನಂಬಿಕೆಯನ್ನು ಎದುರಾಳಿಗಳ ಸರಕಿಗೂ ಹೊದಿಸಿದ್ದು ಅವರ ನಿಜವಾದ ಉದ್ಯಮ.

ಕಂಪನಿಯ ಹಳೆಯ ದಾಖಲೆಗಳು ಗ್ಲಾಸ್ಗೊ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಆದರೆ ದಾರ ಮಾರಾಟವಾದದ್ದು ಅಲ್ಲಿಯ ಕಪಾಟುಗಳಲ್ಲಲ್ಲ, ಪೇಟೆಗಳಲ್ಲಿ. ಬೆಂಗಳೂರಿನ ಚಿಕ್ಕಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಹೊಲಿಗೆ ಸಾಮಾನಿನ ಅಂಗಡಿ ನಡೆಸಿದ ಹಿರಿಯರ ಮನೆಯಲ್ಲಿ ಏಜೆಂಟರ ಬೆಲೆಪಟ್ಟಿ, ಬಿಲ್ಲು, ಬಣ್ಣದ ಮಾದರಿ ಹಾಳೆ, ಮರದ ರೀಲು, ರಟ್ಟಿನ ಡಬ್ಬಿ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪತ್ರಾಗಾರಕ್ಕೋ ತೋರಿಸಿ. ಚೀಟಿ ಅಂಟಿದ ರೀಲು ಸಿಕ್ಕರೆ, ಚೀಟಿಯನ್ನು ಕೀಳದೆ ರೀಲಿನ ಸಮೇತ ಕೊಡಿ.